‘ಆದರೂ’ ಅನ್ನುವುದನ್ನು ಬಿಡಿಸುವುದು ಹೇಗೆ?

ಕಾವ್ಯದ ಒಂದು ಸನ್ನಿವೇಶ ಓದಿ, ಅದೇ ಸನ್ನಿವೇಶದ ಚಿತ್ರವನ್ನೋ ಶಿಲ್ಪವನ್ನೋ ಪಕ್ಕದಲ್ಲಿಟ್ಟುಕೊಂಡು ನೋಡಿ, ಏನನ್ನಿಸಿತು ಬರೆಯಿರಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆ. ನಾಲ್ಕೈದು ಪತ್ರ ಬಂದರೆ ಹೆಚ್ಚು ಅಂದುಕೊಂಡಿದ್ದೆ. ಸಂಪಾದಕರು ಒಂದು ಕಟ್ಟನ್ನೇ ಕಳಿಸಿದರು. ಕತೆಗಳಿಗೆ ಚಿತ್ರ ಬರೆಯುವುದು ನನ್ನ ಕಸುಬು. ಮೂವತ್ತು ವರ್ಷದಿಂದ ಬೇರೆಯವರ ಮಾತಿಗೆ ಗೆರೆ ಹಾಕುತ್ತಾ ಬಂದಿದ್ದೇನೆ. ಕೆಳಗಿನ ಉತ್ತರಗಳನ್ನು ಪಂಡಿತರು ಒಪ್ಪದೇ ಹೋದರೆ ಅವರ ಮಾತನ್ನೇ ನಂಬಿ.

ಪ್ರಶ್ನೆ: ನಾನು ಬಿ.ಎ. ಎರಡನೇ ವರ್ಷದ ವಿದ್ಯಾರ್ಥಿನಿ. ಕಾಳಿದಾಸನ ಶಾಕುಂತಲದಲ್ಲಿ ಶಕುಂತಲೆ ಕಾಲಿಗೆ ದರ್ಭೆ ಚುಚ್ಚಿತು ಅಂತ ನಿಲ್ಲುತ್ತಾಳಲ್ಲ, ಆ ಸನ್ನಿವೇಶವನ್ನು ರಾಜಾ ರವಿವರ್ಮನ ಚಿತ್ರದ ಜೊತೆ ಹೋಲಿಸಿ ಸೆಮಿನಾರ್ ಕೊಡಬೇಕು. ವ್ಯತ್ಯಾಸಗಳ ಪಟ್ಟಿ ಮಾಡಿದೆ. ನಾಟಕದಲ್ಲಿ ನಾರುಮಡಿ, ಚಿತ್ರದಲ್ಲಿ ಬಟ್ಟೆ. ನಾಟಕದಲ್ಲಿ ರಾಜ ಇದ್ದಾನೆ, ಚಿತ್ರದಲ್ಲಿ ಇಲ್ಲ. ಹೀಗೆ ಹನ್ನೊಂದಾಯಿತು. ಆಮೇಲೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ಚಿತ್ರ ಮೂಲಕ್ಕೆ ನಿಷ್ಠವಾಗಿದೆ ಅನ್ನಲೋ, ಇಲ್ಲ ಅನ್ನಲೋ?

ಉತ್ತರ: ಪಟ್ಟಿ ಸ್ವಲ್ಪ ಪಕ್ಕಕ್ಕಿರಲಿ. ನಾಟಕವನ್ನು ಇನ್ನೊಮ್ಮೆ ನಿಧಾನಕ್ಕೆ ಓದಿ.

ಮೊದಲ ಅಂಕದ ಕೊನೆ. ರಾಜನ ಬೇಟೆಯ ಗದ್ದಲಕ್ಕೆ ಬೆದರಿದ ಆನೆಯೊಂದು ಆಶ್ರಮದ ಕಡೆ ನುಗ್ಗಿದೆ ಅಂತ ಕೂಗು ಕೇಳುತ್ತದೆ. ಹುಡುಗಿಯರು ಎಲೆಮನೆಗೆ ಹೊರಡಬೇಕು. ಆಗ ಶಕುಂತಲೆ ಅನಸೂಯೆಯನ್ನು ತಡೆಯುತ್ತಾಳೆ. ಹೊಸ ದರ್ಭೆಯ ಮೊನೆ ಕಾಲಿಗೆ ಚುಚ್ಚಿತು, ನಾರುಮಡಿ ಕುರವಕದ ಕೊಂಬೆಗೆ ಸಿಕ್ಕಿಕೊಂಡಿದೆ, ಬಿಡಿಸಿಕೊಳ್ಳುವವರೆಗೆ ನಿಲ್ಲಿ ಅನ್ನುತ್ತಾಳೆ. ರಾಜನನ್ನು ನೋಡುತ್ತಾ ತಡ ಮಾಡಿ, ಆಮೇಲೆ ಗೆಳತಿಯರ ಜೊತೆ ಹೋಗುತ್ತಾಳೆ. ಇಲ್ಲಿ ಕಾಳಿದಾಸ ರಂಗಸೂಚನೆಯಲ್ಲಿ ಒಂದು ಪದ ಇಟ್ಟಿದ್ದಾನೆ: ‘ಸವ್ಯಾಜಂ’. ವ್ಯಾಜ ಅಂದರೆ ನೆಪ.

ಅಲ್ಲಿಗೆ ಬಿಟ್ಟಿದ್ದರೆ ಕಾಳಿದಾಸ ಹೇಗಾದಾನು? ಎರಡನೇ ಅಂಕದಲ್ಲಿ ರಾಜ ಇದೇ ಗಳಿಗೆಯನ್ನು ವಿದೂಷಕನ ಹತ್ತಿರ ಮತ್ತೆ ಹೇಳಿಕೊಳ್ಳುತ್ತಾನೆ. ನಾಲ್ಕು ಹೆಜ್ಜೆ ಹೋದವಳು, ದರ್ಭೆ ಚುಚ್ಚಿತು ಅಂತ ಸುಮ್ನೆ ನಿಂತುಬಿಟ್ಟಳು. ಮುಖ ತಿರುಗಿಸಿಕೊಂಡು, ಕೊಂಬೆಗೆ ಸಿಕ್ಕಿಕೊಳ್ಳದಿದ್ದರೂ ನಾರುಮಡಿಯನ್ನು ಬಿಡಿಸಿಕೊಳ್ಳುತ್ತಿದ್ದಳು ಅಂತ. ಸಂಸ್ಕೃತದಲ್ಲಿ ‘ಅಸಕ್ತಮಪಿ’. ಸಿಕ್ಕಿಕೊಳ್ಳದಿದ್ದರೂ! ಅವಳು ಸಿಕ್ಕಿಕೊಂಡಿದೆ ಅಂದಳು. ಇವನು ಸಿಕ್ಕಿಕೊಂಡಿರಲಿಲ್ಲ ಅನ್ನುತ್ತಾನೆ. ಪ್ರೀತಿಯಲ್ಲಿ ಬಿದ್ದವನ ನೆನಪನ್ನು ಅಷ್ಟು ನಂಬುವ ಹಾಗಿಲ್ಲ ಅಲ್ವಾ? ಆದರೆ ಆ ರಂಗಸೂಚನೆ ಅವನ ಪರವಾಗಿ ಸಾಕ್ಷಿ ಹೇಳುತ್ತಿದೆ.

ಈಗ ಚಿತ್ರಕ್ಕೆ ಬನ್ನಿ. ನೀವು ಬ್ರಷ್ಷು ಹಿಡಿದಿದ್ದೀರಿ ಅಂದುಕೊಳ್ಳಿ. ಕಾಲು ಬಿಡಿಸಬಹುದು, ಕೊಂಬೆ ಬಿಡಿಸಬಹುದು, ಹುಡುಗಿಯನ್ನು ಬಿಡಿಸಬಹುದು. ನೆಪವನ್ನು ಹೇಗೆ ಬಿಡಿಸುತ್ತೀರಿ?

ರವಿವರ್ಮ ಮಾಡಿದ್ದು ಏನು ಅಂತ ನೋಡಿ. ಒಂದು ಕೈ ಗೆಳತಿಯ ಹೆಗಲ ಮೇಲೆ, ಇನ್ನೊಂದು ಕೈ ಎತ್ತಿದ ಕಾಲಿನ ಹತ್ತಿರ. ಮುಖ ಮಾತ್ರ ಹಿಂದಕ್ಕೆ. ಕಾಲಿಗೆ ಮುಳ್ಳು ಚುಚ್ಚಿದವರನ್ನು ಗಮನಿಸಿದ್ದೀರಾ? ಅಂಗಾಲು ತಿರುಗಿಸಿ, ತಲೆ ಬಗ್ಗಿಸಿ, ಹುಬ್ಬು ಗಂಟಿಕ್ಕಿ ಅಲ್ಲೇ ನೋಡುತ್ತಾರೆ. ಪಕ್ಕದಲ್ಲಿ ರಾಜ ಬಂದು ನಿಂತರೂ ತಿರುಗುವುದಿಲ್ಲ. ಇವಳ ಕೈ ಕಾಲಿನಲ್ಲಿದೆ, ಕಣ್ಣು ಇನ್ನೆಲ್ಲೋ ಇದೆ. ಸೆಮಿನಾರಿನಲ್ಲಿ ಒಂದು ಆಟ ಮಾಡಿ ತೋರಿಸಿ. ಕಾಗದದ ಚೂರಿನಿಂದ ಅವಳ ಮುಖ ಮುಚ್ಚಿ. ಪಾಪ, ಮುಳ್ಳು ಚುಚ್ಚಿದೆ ಅನ್ನಿಸುತ್ತದೆ. ಕಾಗದವನ್ನು ಕೆಳಗೆ ಜಾರಿಸಿ ಕಾಲು ಮುಚ್ಚಿ. ಯಾರನ್ನೋ ನೋಡುತ್ತಿದ್ದಾಳೆ ಅನ್ನಿಸುತ್ತದೆ. ಕಾಗದ ತೆಗೆಯಿರಿ. ಸುಳ್ಳು ಸಿಕ್ಕಿಬೀಳುತ್ತದೆ.

ಇನ್ನೊಂದು ಸಂಗತಿ ನಿಮ್ಮ ಪಟ್ಟಿಯಲ್ಲಿ ಇಲ್ಲ. ರಾಜನ ಮಾತಿನಲ್ಲಿ ಮುಖ ತಿರುಗಿಸಿದ್ದು ನಾರುಮಡಿ ಬಿಡಿಸಿಕೊಳ್ಳುವಾಗ. ದರ್ಭೆಯ ನೆಪ ಹೇಳಿ ನಿಂತಳು ಅಷ್ಟೇ. ರವಿವರ್ಮ ಕೊಂಬೆ, ನಾರುಮಡಿ ಎರಡನ್ನೂ ಕೈಬಿಟ್ಟು, ಆ ತಿರುಗಿದ ಮುಖವನ್ನು ತಂದು ಕಾಲಿನ ನೆಪಕ್ಕೆ ಜೋಡಿಸಿದ. ಯಾಕಿರಬಹುದು? ನಾನು ಒಂದು ಸಂಜೆ ಪೆನ್ಸಿಲಿನಲ್ಲಿ ಎರಡನ್ನೂ ಬಿಡಿಸಿ ನೋಡಿದೆ. ಬಟ್ಟೆ ಕೊಂಬೆಗೆ ಸಿಕ್ಕಿದ ಹಾಗೆ ಬರೆದರೆ ಅವಳ ಸುಳ್ಳು ನಿಜವಾಗಿಬಿಡುತ್ತದೆ. ಸಿಕ್ಕದ ಹಾಗೆ ಬರೆದರೆ ಸುಮ್ಮನೆ ಸೆರಗು ಸರಿಮಾಡಿಕೊಳ್ಳುವ ಹುಡುಗಿಯ ಚಿತ್ರವಾಗುತ್ತದೆ. ಬಟ್ಟೆಯ ವಿಷಯದಲ್ಲಿ ಕಣ್ಣಿಗೆ ಮೋಸ ಮಾಡಲು ಆಗುವುದಿಲ್ಲ. ದರ್ಭೆಯ ಮೊನೆ ಹಾಗಲ್ಲ. ಇದ್ದರೂ ಕಾಣುವುದಿಲ್ಲ, ಇಲ್ಲದಿದ್ದರೂ ಕಾಣುವುದಿಲ್ಲ. ನೆಪಕ್ಕೆ ಇದಕ್ಕಿಂತ ಒಳ್ಳೆಯ ಸಾಮಾನು ಚಿತ್ರಕಾರನಿಗೆ ಸಿಗುವುದಿಲ್ಲ.

ಹಾಗಂತ ನಾನು ರವಿವರ್ಮನ ವಕೀಲನಲ್ಲ. ನಾರುಮಡಿ ಬಿಟ್ಟದ್ದು ನನಗೆ ಇವತ್ತಿಗೂ ಕೊರೆಯುತ್ತದೆ. ನಾಟಕದಲ್ಲಿ ಆ ನಾರುಮಡಿಗೆ ಎಷ್ಟು ಕೆಲಸ ಇದೆ! ಪ್ರಿಯಂವದೆ ಬಿಗಿಯಾಗಿ ಕಟ್ಟಿದ್ದಾಳೆ ಅಂತ ಶಕುಂತಲೆ ದೂರುತ್ತಾಳೆ, ಅವಳು ನಿನ್ನ ಯೌವನವನ್ನು ಬೈದುಕೋ ಅಂತ ಚುಡಾಯಿಸುತ್ತಾಳೆ. ಮರೆಯಲ್ಲಿ ನಿಂತ ರಾಜ, ಪಾಚಿ ಮುತ್ತಿದರೂ ತಾವರೆ ಚೆಂದ, ನಾರುಮಡಿಯಲ್ಲೂ ಇವಳು ಚೆಂದ ಅನ್ನುತ್ತಾನೆ. ‘ವಲ್ಕಲೇನಾಪಿ’. ಮತ್ತೆ ಅದೇ ‘ಅಪಿ’, ಅಂದರೆ ‘ಆದರೂ’. ಮೆತ್ತಗೆ ಮಡಿಕೆ ಬೀಳುವ ಬಟ್ಟೆ ಉಡಿಸಿದ ಮೇಲೆ ಆ ‘ಲ್ಲೂ’ ಎಲ್ಲಿ ಉಳಿಯಿತು? ಚೆಂದದ ಬಟ್ಟೆಯಲ್ಲಿ ಚೆಂದ ಕಾಣುವುದು ದೊಡ್ಡ ಮಾತೇನಲ್ಲ. ಎಣ್ಣೆಬಣ್ಣದಲ್ಲಿ ಬಟ್ಟೆಯ ಮಡಿಕೆ ತೀಡುವುದು ರವಿವರ್ಮನಿಗೆ ಬಹಳ ಇಷ್ಟ, ಆ ಕೈಚಳಕವನ್ನು ಬಿಡಲು ಮನಸ್ಸಾಗಿರಲಿಕ್ಕಿಲ್ಲ. 1894ರಲ್ಲಿ ಮುಂಬಯಿಯಲ್ಲಿ ಅವನು ಮುದ್ರಣಾಲಯ ಹಾಕಿದ. ಅಂಥ ಅಚ್ಚಿನ ಚಿತ್ರಗಳು ಮನೆಮನೆಯ ಗೋಡೆಗೆ ಹೋದವು. ಶಕುಂತಲೆ ಅಂದರೆ ನಮ್ಮ ಅಜ್ಜಿಯರ ಕಣ್ಣಿಗೆ ಬರುತ್ತಿದ್ದವಳು ಸೀರೆಯವಳೇ.

ನಿಷ್ಠವಾಗಿದೆಯೋ ಇಲ್ಲವೋ ಅನ್ನುವ ಪ್ರಶ್ನೆಯನ್ನು ಸೆಮಿನಾರಿನಿಂದ ತೆಗೆದುಹಾಕಿ. ಯಾವ ಗಳಿಗೆ ಆರಿಸಿಕೊಂಡ, ಏನು ಬಿಟ್ಟ, ಬಿಟ್ಟದ್ದರ ಸಾಲ ಹೇಗೆ ತೀರಿಸಿದ ಅಂತ ಕೇಳಿ. ನಿಮ್ಮ ಹನ್ನೊಂದರಲ್ಲಿ ಎರಡೋ ಮೂರೋ ಉಳಿಯುತ್ತವೆ. ಇಪ್ಪತ್ತು ನಿಮಿಷಕ್ಕೆ ಅಷ್ಟು ಸಾಕು. ಅಂದ ಹಾಗೆ, ಆ ಆನೆಯ ಗಲಾಟೆಯ ಸುಳಿವು ಚಿತ್ರದಲ್ಲಿ ಎಲ್ಲಾದರೂ ಇದೆಯಾ ನೋಡಿ. ನನಗಂತೂ ಕಾಣಲಿಲ್ಲ.

ಪ್ರಶ್ನೆ: ಹೋದ ಸಂಚಿಕೆಯ ಕತೆಗೆ ನೀವು ಬರೆದ ಕರ್ಣನಿಗೆ ಮೀಸೆ ಯಾಕೆ? ಯಾವ ಕಾವ್ಯದಲ್ಲಿ ಓದಿದಿರಿ?

ಉತ್ತರ: ಯಾವುದರಲ್ಲೂ ಇಲ್ಲ. ಕತೆ ಬರೆದವರು ಕರ್ಣನ ತುಟಿಯ ಮೇಲೆ ಏನಿತ್ತು ಅಂತ ಹೇಳದೇ ಆರು ಪುಟ ಬರೆದು ಮುಗಿಸಿದರು. ನನಗೆ ಆ ಸವಲತ್ತು ಇಲ್ಲ. ಮೂಗಿಗೂ ತುಟಿಗೂ ನಡುವೆ ಏನಾದರೊಂದು ಇರಲೇಬೇಕು, ಖಾಲಿ ಬಿಟ್ಟರೂ ‘ಮೀಸೆ ಇಲ್ಲದ ಕರ್ಣ’ ಅಂತಾಗುತ್ತದೆ. ಹಾಗೆ ಬಿಟ್ಟಿದ್ದರೆ ಇನ್ನೊಬ್ಬರು ಪತ್ರ ಬರೆಯುತ್ತಿದ್ದರು.

ಪ್ರಶ್ನೆ: ನಾನು ನಿವೃತ್ತ ಕನ್ನಡ ಮೇಷ್ಟ್ರು. ರನ್ನನ ಗದಾಯುದ್ಧದ ‘ನೀರೊಳಗಿರ್ದುಂ ಬೆಮರ್ತನುರಗಪತಾಕಂ’ ಪಾಠ ಮಾಡುವಾಗಲೆಲ್ಲ ಒಬ್ಬನಾದರೂ ಹುಡುಗ ಎದ್ದು ನಿಂತು ‘ಸಾರ್, ನೀರಲ್ಲಿದ್ರೆ ಬೆವರು ಹೇಗೆ ಗೊತ್ತಾಗುತ್ತೆ?’ ಅಂತ ಕೇಳುತ್ತಿದ್ದ. ಇದರ ಒಂದು ಒಳ್ಳೆಯ ಚಿತ್ರ ತೋರಿಸೋಣ ಅಂದರೆ ನನಗೆ ಸಿಗಲೇ ಇಲ್ಲ. ಇಷ್ಟು ಪ್ರಸಿದ್ಧ ಸಾಲನ್ನು ಚಿತ್ರಕಾರರು ಯಾಕೆ ಮುಟ್ಟುವುದಿಲ್ಲ?

ಉತ್ತರ: ಮೇಷ್ಟ್ರೇ, ನಾನು ಮುಟ್ಟಿದೆ. ಕೈ ಸುಟ್ಟುಕೊಂಡೆ.

ಕಸುಬಿಗೆ ಬಂದ ಹೊಸದು. ಒಂದು ಸಣ್ಣ ಪತ್ರಿಕೆಯವರು ರನ್ನನ ಬಗ್ಗೆ ಲೇಖನ ಹಾಕುತ್ತಿದ್ದರು. ಇದೇ ಸಾಲಿಗೆ ಚಿತ್ರ ಬೇಕು ಅಂದರು. ಕಪ್ಪು ಶಾಯಿ, ಬಿಳಿ ಕಾಗದ, ಎರಡು ಕಾಲಂ ಅಗಲ. ಎದೆಮಟ್ಟ ನೀರಿನಲ್ಲಿ ದುರ್ಯೋಧನನನ್ನು ನಿಲ್ಲಿಸಿ, ಹಣೆಯ ಮೇಲೆ ಹನಿಗಳನ್ನು ಹಾಕಿ ಕೊಟ್ಟೆ. ಸಂಪಾದಕರು ಕನ್ನಡಕ ಏರಿಸಿ ನೋಡಿದರು. ‘ಇವನು ಈಗ ತಾನೇ ಮುಳುಗು ಹಾಕಿ ಎದ್ದನಾ?’ ಅಂದರು. ನಾನು ಬೆವರು ಅಂದೆ. ‘ಬೆವರು ಅಂತ ನೀನು ಹೇಳಬೇಕಾಯಿತಲ್ಲಪ್ಪ’ ಅಂದರು. ಎರಡನೇ ಸಲ ಅವನ ಸುತ್ತ ನೀರು ಕುದಿಯುವ ಹಾಗೆ ಗುಳ್ಳೆ ಬರೆದೆ. ‘ಇದೇನು, ಹಂಡೆಯಾ?’ ಅಂದರು.

ಆ ಕಂದಪದ್ಯವನ್ನು ಪೂರ್ತಿ ನೆನಪಿಸಿಕೊಳ್ಳಿ. ನಿಮಗೆ ಬಾಯಿಗೇ ಬರುತ್ತದೆ, ಇದು ಉಳಿದ ಓದುಗರಿಗೆ:

ಆ ರವಮಂ ನಿರ್ಜಿತಕಂ-
ಠೀರವರವಮಂ ನಿರಸ್ತಘನರವಮಂ ಕೋ-
ಪಾರುಣನೇತ್ರಂ ಕೇಳ್ದಾ
ನೀರೊಳಗಿರ್ದುಂ ಬೆಮರ್ತನುರಗಪತಾಕಂ

ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದ್ದಾನೆ. ದಡದಲ್ಲಿ ಭೀಮ ಗರ್ಜಿಸುತ್ತಾನೆ. ಸಿಂಹದ ಗರ್ಜನೆಯನ್ನು ಗೆದ್ದ, ಗುಡುಗನ್ನು ಮೀರಿಸಿದ ಸದ್ದು. ಕೋಪಕ್ಕೆ ಕಣ್ಣು ಕೆಂಪಾದ ದುರ್ಯೋಧನ ಅದನ್ನು ಕೇಳಿ, ನೀರಿನೊಳಗಿದ್ದರೂ ಬೆವರಿದ.

ರನ್ನ ಯಾವುದನ್ನು ಯಾವಾಗ ಕೊಡುತ್ತಾನೆ ನೋಡಿ. ಮೊದಲು ಬರೀ ಸದ್ದು. ರವ, ರವ, ರವ ಅಂತ ಎರಡು ಸಾಲು ಕಿವಿಗೆ ಬಡಿಯುತ್ತಾನೆ. ಆಮೇಲೆ ಕೆಂಪು ಕಣ್ಣು. ಯಾರ ಕಣ್ಣು? ಹೇಳುವುದಿಲ್ಲ. ಆಮೇಲೆ ನೀರು. ಆಮೇಲೆ ಬೆವರು. ಕಟ್ಟಕಡೆಗೆ ಆ ಮನುಷ್ಯ, ಅದೂ ಹಾವಿನ ಬಾವುಟದವನು ಅನ್ನುವ ಠೀವಿಯ ಹೆಸರಿನಲ್ಲಿ. ಬೆವರಿದ ಮೇಲೆ ಬಾವುಟ ನೆನಪಿಸುತ್ತಾನೆ, ಎಂಥ ಕಟುಕ! ಚಿತ್ರ ಇದೆಲ್ಲವನ್ನೂ ಒಂದೇ ಏಟಿಗೆ ಮುಂದಿಟ್ಟುಬಿಡುತ್ತದೆ. ನೋಡುವವರಿಗೆ ಮೊದಲು ಕಾಣುವುದೇ ದುರ್ಯೋಧನ. ಸದ್ದಂತೂ ಇಲ್ಲವೇ ಇಲ್ಲ, ಭೀಮನ ಬಾಯಿ ಎಷ್ಟು ದೊಡ್ಡದು ಮಾಡಿದರೂ ಅದು ಆಕಳಿಕೆಯ ಹಾಗೆ ಕಾಣುತ್ತದೆ.

ನಿಮ್ಮ ಹುಡುಗರ ಪ್ರಶ್ನೆ ಚೆನ್ನಾಗಿದೆ, ಅದನ್ನು ತಮಾಷೆ ಅಂತ ಬಿಡಬೇಡಿ. ನೀರಿನಲ್ಲಿ ಇದ್ದವನ ಬೆವರು ಯಾರಿಗೂ ಕಾಣುವುದಿಲ್ಲ. ದಡದಲ್ಲಿದ್ದ ಭೀಮನಿಗೂ ಕಾಣಲಿಲ್ಲ. ದುರ್ಯೋಧನನಿಗೆ ಗೊತ್ತು, ರನ್ನನಿಗೆ ಗೊತ್ತು, ಓದುವ ನಮಗೆ ಗೊತ್ತು. ಅಷ್ಟೇ ಜನ. ಕಣ್ಣಿಗೆ ಕಾಣದ್ದನ್ನು ಕಣ್ಣಿಗಾಗಿ ಕೆಲಸ ಮಾಡುವವನಿಗೆ ಒಪ್ಪಿಸಿದರೆ ಅವನು ಏನು ಮಾಡಬೇಕು?

ಬೆವರಿಗಿಂತ ಕಷ್ಟದ್ದು ಆ ‘ಇರ್ದುಂ’. ಇದ್ದರೂ. ಆ ‘ಉಂ’ ಕಿತ್ತುಹಾಕಿ ನೋಡಿ, ಸಾಲು ಸತ್ತುಹೋಗುತ್ತದೆ. ಚಿತ್ರದಲ್ಲಿ ನೀರು ಇಡಬಹುದು, ಪಕ್ಕದಲ್ಲಿ ಹನಿ ಇಡಬಹುದು. ನೀರು ಮತ್ತು ಹನಿ. ‘ಮತ್ತು’ ಅನ್ನುವುದು ಬ್ರಷ್ಷಿಗೆ ಸಲೀಸು. ‘ಆದರೂ’ ಅನ್ನುವುದು ಬರುವುದೇ ಇಲ್ಲ. ಕಾಳಿದಾಸನ ‘ಅಪಿ’ಗೆ ರವಿವರ್ಮ ಒಂದು ಉಪಾಯ ಕಂಡುಕೊಂಡ, ಮೈ ಒಂದು ಕಡೆ ಎಳೆದರೆ ಮುಖ ಇನ್ನೊಂದು ಕಡೆ ಎಳೆಯುವ ಹಾಗೆ ಮಾಡಿದ. ರನ್ನನ ‘ಉಂ’ಗೆ ಅಂಥದ್ದು ನನಗೆ ಹೊಳೆಯಲಿಲ್ಲ.

ಕೊನೆಗೆ ಅಚ್ಚಾದದ್ದು ಮೂರನೆಯದು. ಭೀಮನ ಬೆನ್ನು, ಮೇಲೆತ್ತಿದ ಗದೆ, ಎದುರಿಗೆ ವಿಶಾಲ ನೀರು. ನೀರಿನ ನಡುವೆ ಸಣ್ಣ ಬಳೆಯಂಥ ಅಲೆ, ಒಂದರ ಹೊರಗೆ ಒಂದು. ದುರ್ಯೋಧನ ಇಲ್ಲ. ಕೆಳಗೆ ರನ್ನನ ಸಾಲನ್ನೇ ಹಾಕಿ ಅಂದೆ. ಬೆವರನ್ನು ಅಕ್ಷರಕ್ಕೆ ಬಿಟ್ಟುಕೊಟ್ಟೆ. ಮುಂದಿನ ಸಂಚಿಕೆಗೆ ಒಬ್ಬ ಓದುಗರು ‘ದುರ್ಯೋಧನನನ್ನು ಬರೆಯುವುದು ಚಿತ್ರಕಾರರು ಮರೆತಿದ್ದಾರೆ’ ಅಂತ ಪತ್ರ ಹಾಕಿದ್ದರು.

ನಿಮ್ಮ ಹುಡುಗರಿಗೆ ತೋರಿಸಬೇಕು ಅಂದರೆ ಚಿತ್ರಕ್ಕಿಂತ ಯಕ್ಷಗಾನಕ್ಕೆ ಕರೆದುಕೊಂಡು ಹೋಗಬೇಕಿತ್ತು. ಒಳ್ಳೆಯ ಕಲಾವಿದ ಮೊದಲು ಕೇಳಿಸಿಕೊಳ್ಳುತ್ತಾನೆ, ತಡೆದುಕೊಳ್ಳುತ್ತಾನೆ, ಆಮೇಲೆ ಕಂಪಿಸುತ್ತಾನೆ. ಅವನ ಕೈಯಲ್ಲಿ ಸಮಯ ಇದೆ. ನನ್ನ ಕೈಯಲ್ಲಿ ಎರಡು ಕಾಲಂ ಜಾಗ ಇತ್ತು.

ಪ್ರಶ್ನೆ: ನಮ್ಮ ಮನೆಯ ಗೀತೋಪದೇಶದ ಚಿತ್ರದಲ್ಲಿ ಅರ್ಜುನ ಮಂಡಿಯೂರಿ ಕೈಮುಗಿದಿದ್ದಾನೆ, ಕೃಷ್ಣ ನಗುತ್ತಿದ್ದಾನೆ, ನಾಲ್ಕು ಬಿಳಿ ಕುದುರೆ ಇವೆ. ಇದೆಲ್ಲ ಗೀತೆಯಲ್ಲಿ ಹೀಗೇ ಇದೆಯಾ ಅಂತ ಮಗಳು ಕೇಳುತ್ತಾಳೆ. ಸುಮ್ಮನಿರು ಅಂದೆ. ಇದೆಯಾ?

ಉತ್ತರ: ಸುಮ್ಮನಿರಿಸಬೇಡಿ. ಪುಸ್ತಕ ತೆಗೆದು ಇಬ್ಬರೂ ಕೂತು ನೋಡಿ, ಒಂದು ಭಾನುವಾರ ಚೆನ್ನಾಗಿ ಕಳೆಯುತ್ತದೆ.

ಬಿಳಿ ಕುದುರೆ ಇದೆ, ಮೊದಲ ಅಧ್ಯಾಯದಲ್ಲೇ. ಎಷ್ಟು ಅಂತ ಗೀತೆ ಹೇಳುವುದಿಲ್ಲ. ಚಿತ್ರಕಾರ ಹೇಳಲೇಬೇಕು (ಮೇಲಿನ ಮೀಸೆಯ ಸಂಗತಿ ನೋಡಿ). ಬಾವುಟದಲ್ಲಿ ಕಪಿ ಇದೆ, ಎರಡು ಸೇನೆಗಳ ನಡುವೆ ರಥ ಇದೆ, ಅವೂ ಸರಿ. ಕೈಮುಗಿಯುವುದರಲ್ಲಿ ಮಜಾ ಇದೆ. ಮೊದಲ ಅಧ್ಯಾಯದ ಕೊನೆಯಲ್ಲಿ ಅರ್ಜುನ ಬಿಲ್ಲು ಬಾಣ ಬಿಸಾಡಿ ರಥದಲ್ಲಿ ಕೂತುಬಿಡುತ್ತಾನೆ. ಕೂತ ಅಷ್ಟೇ. ಕುಸಿದವನು ಎಲ್ಲಿಯ ಕೈಮುಗಿದಾನು? ಎರಡನೇ ಅಧ್ಯಾಯದಲ್ಲಿ ನಾನು ನಿನ್ನ ಶಿಷ್ಯ, ಶರಣು ಬಂದಿದ್ದೇನೆ ಅನ್ನುತ್ತಾನೆ, ಅಲ್ಲೂ ಕೈಯ ಮಾತಿಲ್ಲ. ‘ಕೃತಾಂಜಲಿಃ’ ಅಂತ ಬಾಯಿಬಿಟ್ಟು ಹೇಳುವುದು ಹನ್ನೊಂದರಲ್ಲಿ, ವಿಶ್ವರೂಪ ಕಂಡು ರೋಮಾಂಚನಗೊಂಡಾಗ. ನಿಮ್ಮ ಗೋಡೆಯ ಚಿತ್ರದಲ್ಲಿ ಒಂದನೇ ಅಧ್ಯಾಯದ ರಥ, ಎರಡನೆಯದರ ಶರಣಾಗತಿ, ಹನ್ನೊಂದನೆಯದರ ಕೈ ಒಟ್ಟಿಗೆ ಇವೆ. ತಪ್ಪು ಅನ್ನಲಾರೆ. ಇಡೀ ಗ್ರಂಥಕ್ಕೆ ಒಂದೇ ಚಿತ್ರ ಬರೆಯಬೇಕಾದವನು ಹೀಗೆ ಗಂಟು ಕಟ್ಟಲೇಬೇಕು.

ಇನ್ನು ಕೃಷ್ಣನ ನಗು. ಎರಡನೇ ಅಧ್ಯಾಯದ ಹತ್ತನೇ ಶ್ಲೋಕ ನೋಡಿ: ‘ಪ್ರಹಸನ್ನಿವ’. ನಕ್ಕ ಅಂತ ಅಲ್ಲ. ನಗುವವನ ಹಾಗೆ. ಆ ‘ಇವ’ ನನ್ನನ್ನು ಎಷ್ಟು ಕಾಡಿದೆ ಗೊತ್ತಾ? ತುಟಿಯ ತುದಿ ಒಂದು ಕೂದಲೆಳೆ ಮೇಲಕ್ಕೆ ಹೋದರೆ ನಗು, ಹೋಗದಿದ್ದರೆ ಇಲ್ಲ. ‘ಹಾಗೆ’ ಅನ್ನುವುದನ್ನು ಎಲ್ಲಿ ಇಡಲಿ? ಹೆಚ್ಚಿನವರು ಸೀದಾ ನಗಿಸಿಬಿಡುತ್ತಾರೆ. ಎದುರಿಗೆ ಒಬ್ಬ ಅಳುತ್ತಾ ಕೂತಿರುವಾಗ ಆ ನಗು ಸ್ವಲ್ಪ ಜಾಸ್ತಿಯಾಯಿತು ಅನ್ನಿಸುತ್ತದೆ ನನಗೆ.

ಪ್ರಶ್ನೆ: ಮಕ್ಕಳಿಗೆ ಮೊದಲು ಚಿತ್ರ ತೋರಿಸಬೇಕೋ, ಮೊದಲು ಕತೆ ಹೇಳಬೇಕೋ?

ಉತ್ತರ: ಕತೆ. ನನ್ನ ಹೊಟ್ಟೆಪಾಡಿಗೆ ಇದು ಒಳ್ಳೆಯ ಸಲಹೆಯಲ್ಲ.

ಪ್ರಶ್ನೆ: ಹಳೇಬೀಡಿನ ಗೋಡೆಯಲ್ಲಿ ಅಭಿಮನ್ಯು ಚಕ್ರವ್ಯೂಹ ಹೊಕ್ಕ ಶಿಲ್ಪ ಇದೆ. ವ್ಯೂಹ ಮೇಲಿನಿಂದ ನೋಡಿದ ಹಾಗಿದೆ, ಸೈನಿಕರು ಪಕ್ಕದಿಂದ ನೋಡಿದ ಹಾಗಿದ್ದಾರೆ. ಎಂಜಿನಿಯರ್ ಆದ ನನಗೆ ಇದು ತಪ್ಪು ನಕ್ಷೆ ಅನ್ನಿಸಿತು.

ಉತ್ತರ: ನಿಮ್ಮ ಪ್ಲಾನು, ಎಲಿವೇಷನ್ನು ಎರಡನ್ನೂ ಒಂದೇ ಹಾಳೆಯಲ್ಲಿ ಒಂದರ ಮೇಲೊಂದು ಬರೆದ ಹಾಗೆ ಅಲ್ವಾ? 12ನೇ ಶತಮಾನದಲ್ಲಿ ಕಟ್ಟಲು ತೊಡಗಿದ ಹೊಯ್ಸಳೇಶ್ವರ ಗುಡಿ ಅದು. ಆ ಫಲಕದ ಮುಂದೆ ಸ್ಕೆಚ್ ಪುಸ್ತಕ ಹಿಡಿದು ಒಂದು ಇಡೀ ಬೆಳಿಗ್ಗೆ ಕೂತಿದ್ದೆ. ನಿಮ್ಮ ಹಾಗೆ ‘ಸರಿಯಾಗಿ’ ಬರೆಯಲು ಹೊರಟೆ. ಪಕ್ಕದಿಂದ ಬರೆದರೆ ಮುಂದಿನ ಸಾಲಿನ ಸೈನಿಕರು ಹಿಂದಿನವರನ್ನು ಮುಚ್ಚಿದರು, ವ್ಯೂಹವೇ ಮಾಯ. ಪೂರ್ತಿ ಮೇಲಿನಿಂದ ಬರೆದರೆ ಅಭಿಮನ್ಯು ಒಂದು ತಲೆಯ ಚುಕ್ಕೆಯಾದ. ಅವನು ಹೊಕ್ಕ, ಹೊರಬರುವ ದಾರಿ ಗೊತ್ತಿರಲಿಲ್ಲ ಅನ್ನುವುದೇ ಕತೆ. ಸುತ್ತಿ ಸುತ್ತಿ ಒಳಗೆ ಹೋಗುವ ದಾರಿ ನಮಗೆ ಕಾಣಬೇಕು, ಒಳಗಿರುವ ಹುಡುಗನೂ ಕಾಣಬೇಕು. ಶಿಲ್ಪಿ ಎರಡನ್ನೂ ಕೊಟ್ಟ. ಆ ಅಭಿಮನ್ಯುವಿಗೆ ಗೊತ್ತಿಲ್ಲದ ದಾರಿಯನ್ನು ನಾವು ಬೆರಳಿನಲ್ಲಿ ತೋರಿಸಬಹುದು. ಅದಕ್ಕೇ ಹೊಟ್ಟೆಯಲ್ಲಿ ಸಂಕಟ.

ಹೊಯ್ಸಳರ ಗುಡಿಗಳ ಚಟ ಹತ್ತಿದ್ದರೆ ತರೀಕೆರೆ ಹತ್ತಿರದ ಅಮೃತಾಪುರಕ್ಕೂ ಹೋಗಿ. 1196ರ ಗುಡಿ. ಮಂಟಪದ ಹೊರಗೋಡೆಯಲ್ಲಿ 140 ಫಲಕ. ದಕ್ಷಿಣಕ್ಕೆ ರಾಮಾಯಣದ 70, ಉತ್ತರಕ್ಕೆ ಕೃಷ್ಣನ ಕತೆಯ 25, ಮಹಾಭಾರತದ 45. ರಾಮಾಯಣ ಅಪ್ರದಕ್ಷಿಣೆಯಾಗಿ ಸಾಗುತ್ತದೆ. ನಾನು ಮೊದಲ ಸಲ ಅಭ್ಯಾಸಬಲದಿಂದ ಪ್ರದಕ್ಷಿಣೆ ಹಾಕಿ, ಕತೆಯನ್ನು ಕೊನೆಯಿಂದ ಓದಿದೆ.

ಪ್ರಶ್ನೆ: ಕಾವ್ಯ, ಚಿತ್ರಗಳ ಈ ಜಗಳ ನಮ್ಮಲ್ಲಿ ಮಾತ್ರವಾ, ಹೊರಗೂ ಇದೆಯಾ?

ಉತ್ತರ: ಹೊರಗೆ ಇದರ ಮೇಲೆ ಪುಸ್ತಕವೇ ಬಂದಿದೆ. ಟ್ರಾಯ್ ಪಟ್ಟಣದ ಪುರೋಹಿತ ಲಾವೋಕೂನ್. ಶತ್ರುಗಳು ಬಿಟ್ಟುಹೋದ ಮರದ ಕುದುರೆಯನ್ನು ನಂಬಬೇಡಿ ಅಂದವನು. ಸಮುದ್ರದಿಂದ ಎರಡು ಹಾವು ಬಂದು ಅವನನ್ನೂ ಇಬ್ಬರು ಮಕ್ಕಳನ್ನೂ ಸುತ್ತಿ ಹಿಂಡುತ್ತವೆ. ಲ್ಯಾಟಿನ್ ಕವಿ ವರ್ಜಿಲನ ಕಾವ್ಯದಲ್ಲಿ ಅವನು ಗಾಯಗೊಂಡ ಗೂಳಿಯ ಹಾಗೆ ಆಕಾಶ ಬಿರಿಯುವಂತೆ ಕಿರುಚುತ್ತಾನೆ. 1506ರಲ್ಲಿ ರೋಮ್‌ನ ನೆಲದಡಿ ಸಿಕ್ಕಿದ ಶಿಲ್ಪದಲ್ಲಿ ಅವನ ಬಾಯಿ ಅರ್ಧ ತೆರೆದಿದೆ, ನರಳುವ ಹಾಗೆ. ಕಿರುಚಾಟ ಎಲ್ಲಿ ಹೋಯಿತು? 1766ರಲ್ಲಿ ಜರ್ಮನಿಯ ಲೇಖಕ ಲೆಸಿಂಗ್ ಇದನ್ನೇ ಹಿಡಿದು ಆ ಪುಸ್ತಕ ಬರೆದ. ಕಾವ್ಯದಲ್ಲಿ ಕಿರುಚು ಒಂದು ಸಾಲಿಗೆ ಬಂದು ಹೋಗುತ್ತದೆ. ಕಲ್ಲಿನಲ್ಲಿ ಬಾಯಿ ಪೂರ್ತಿ ತೆರೆಸಿದರೆ ಅದು ಶಾಶ್ವತವಾಗಿ ಒಂದು ತೂತು. ನನ್ನ ಭೀಮನ ಆಕಳಿಕೆ ನೆನಪಾಯಿತಾ? ಲೆಸಿಂಗ್‌ನನ್ನು ನಾನು ಓದಿದ್ದು ಆ ಚಿತ್ರ ಕೆಟ್ಟ ಎಷ್ಟೋ ವರ್ಷದ ಮೇಲೆ.

ಆ ಶಿಲ್ಪದ ಬಲಗೈ ಸಿಕ್ಕಿರಲಿಲ್ಲ. ಆಮೇಲಿನವರು ಮೇಲಕ್ಕೆ ಚಾಚಿದ ವೀರಗೈಯೊಂದನ್ನು ಜೋಡಿಸಿದರು. 1906ರಲ್ಲಿ ಹಳೆಯ ಕೈ ಸಿಕ್ಕಿತು. ಅದು ಮಡಚಿ ತಲೆಯ ಹಿಂದಕ್ಕೆ ಹೋಗಿತ್ತು. ಶತಮಾನಗಟ್ಟಲೆ ಜನ ಮೆಚ್ಚಿಕೊಂಡಿದ್ದು ಬೇರೆ ಯಾರದೋ ಕೈಯನ್ನು!

ಪ್ರಶ್ನೆ: ಅಂಕಲ್, ನಾನು ಐದನೇ ಕ್ಲಾಸು. ಗೋವಿನ ಹಾಡಿಗೆ ಚಿತ್ರ ಬರೆದೆ. ಹುಲಿಯ ಕಣ್ಣಲ್ಲಿ ನೀರು ಹಾಕಿದ್ದೆ. ಹುಲಿ ಅಳಲ್ಲ ಅಂತ ಶಾಲೆಯಲ್ಲಿ ಮಾರ್ಕ್ಸ್ ಕಟ್ ಮಾಡಿದರು. ಚಿತ್ರ ಕಳಿಸಿದ್ದೇನೆ. ವಾಪಸ್ ಕಳಿಸಿ.

ಉತ್ತರ: ಪುಟ್ಟಾ, ಪುಣ್ಯಕೋಟಿಯ ಮಾತು ಕೇಳಿ ಹುಲಿ ‘ಕಣ್ಣ ನೀರನು ಸುರಿಸಿ ನೊಂದು’ ಅಂತ ಹಾಡಿನಲ್ಲೇ ಇದೆ. ಆ ಸಾಲಿಗೆ ಪೆನ್ಸಿಲ್ ಗೆರೆ ಎಳೆದು, ನಿನ್ನ ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ಹೋಗಿ ಮೆತ್ತಗೆ ತೋರಿಸು. ಕಾಡಿನ ಹುಲಿ ಅಳುವುದಿಲ್ಲ ಅನ್ನುವುದೂ ನಿಜ. ಈ ಹುಲಿ ಅತ್ತಿತು. ಮಾರ್ಕ್ಸ್ ಬಂದರೆ ಬರಲಿ, ಬಾರದಿದ್ದರೆ ಹೋಗಲಿ.

ನಿನ್ನ ಎರಡನೇ ಚಿತ್ರವನ್ನು ನಾನು ನಾಲ್ಕು ದಿನ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಹುಲಿ ಹಾರಿ ನೆಗೆದು ಪ್ರಾಣ ಬಿಡುವ ಚಿತ್ರ. ನಾನೂ ಇದನ್ನು ಮೂರು ಸಲ ಪುಸ್ತಕಗಳಿಗೆ ಬರೆದಿದ್ದೇನೆ. ಮೂರು ಸಲವೂ ಹುಲಿಯನ್ನು ಪುಟದ ನಡುವೆ, ಗಾಳಿಯಲ್ಲಿ, ನಾಲ್ಕು ಕಾಲು ಚಾಚಿ ನಿಲ್ಲಿಸಿದೆ. ಎಲ್ಲಿ ನೋಡಿದರೂ ಸರ್ಕಸ್ಸಿನ ಹುಲಿಯ ಹಾಗಿತ್ತು. ನೀನು ಹಸುವನ್ನು ಒಂದು ಮೂಲೆಯಲ್ಲಿ ನಿಲ್ಲಿಸಿದ್ದೀಯ. ಅದು ಮೇಲೆ ನೋಡುತ್ತಿದೆ. ಹುಲಿ ಹಾಳೆಯಿಂದಾಚೆ ಹಾರಿಹೋಗಿದೆ. ಮೇಲಿನ ಅಂಚಿನಲ್ಲಿ ಬಾಲ ಒಂದೇ ಉಳಿದಿದೆ.

ಜಾಗ ಸಾಲಲಿಲ್ಲವೋ, ಬೇಕು ಅಂತಲೇ ಮಾಡಿದೆಯೋ, ಮುಂದಿನ ಪತ್ರದಲ್ಲಿ ಬರೆ. ಚಿತ್ರ ಮಡಚದೆ ರಟ್ಟಿನ ಜೊತೆ ವಾಪಸ್ ಕಳಿಸುತ್ತಿದ್ದೇನೆ.